ಆ ಒಂದು ‘ಆದ್ದರಿಂದ’: ಸಮಾಜ ವಿಜ್ಞಾನದ ಶಿಕ್ಷಕರಿಗೆ ಒಂದು ಬಹಿರಂಗ ಪತ್ರ

ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವ ಎಲ್ಲ ಮೇಷ್ಟ್ರುಗಳಿಗೆ, ಮೇಡಂಗಳಿಗೆ, ಪ್ರಶ್ನೆಪತ್ರಿಕೆ ತೆಗೆಯುವವರಿಗೆ, ಚರ್ಚಾಸ್ಪರ್ಧೆಗಳಲ್ಲಿ ತೀರ್ಪು ಕೊಡುವವರಿಗೆ,

ನಮಸ್ಕಾರ.

ನಾನು ನಿಮ್ಮವನೇ. 29 ವರ್ಷ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು. ಈ ಪತ್ರವನ್ನು ಯಾರ ಮೇಲೂ ದೂರು ಹೇಳಲು ಬರೆಯುತ್ತಿಲ್ಲ ಅಂದರೆ ಸುಳ್ಳಾಗುತ್ತದೆ. ದೂರು ಇದೆ. ಆದರೆ ಆ ದೂರಿನಲ್ಲಿ ಮೊದಲ ಹೆಸರು ನನ್ನದೇ.

ಕಳೆದ ಆಗಸ್ಟ್ 6ರಂದು ನಮ್ಮ ಕಡೆಯ ಒಂದು ಪ್ರೌಢಶಾಲೆಯಲ್ಲಿ ಹಿರೋಷಿಮಾ ದಿನದ ಚರ್ಚಾಸ್ಪರ್ಧೆ ಇತ್ತು. ನನ್ನನ್ನೂ ಕರೆದಿದ್ದರು. ‘ಜಪಾನ್ ಶರಣಾಗಲು ಅಣುಬಾಂಬ್ ಅನಿವಾರ್ಯವಾಗಿತ್ತು’ ಎಂಬುದು ವಿಷಯ. ಮಕ್ಕಳು ಚೀಟಿ ಎತ್ತಿ ಪರವೋ ವಿರೋಧವೋ ಮಾತಾಡಬೇಕು. ತಲೆಗೆ ಮೂರು ನಿಮಿಷ. ಹತ್ತನೇ ತರಗತಿಯ ಒಬ್ಬ ಹುಡುಗಿಗೆ ‘ವಿರೋಧ’ ಬಂತು. ಅವಳು ಬಾಂಬಿನ ಭೀಕರತೆಯಿಂದ ಶುರು ಮಾಡಲಿಲ್ಲ. ‘ನಾಗಸಾಕಿ ಮೇಲೆ ಬಾಂಬ್ ಬಿದ್ದಾಗ ಟೋಕಿಯೋದಲ್ಲಿ ಶರಣಾಗುವ ವಿಷಯಕ್ಕೆ ಆಗಲೇ ಸಭೆ ನಡೀತಾ ಇತ್ತು’ ಅಂತ ಶುರು ಮಾಡಿದಳು. ಸಭೆ ಯಾಕೆ ಸೇರಿತ್ತು, ಅವತ್ತು ಬೆಳಗಿನ ಜಾವ ರಷ್ಯಾ ಏನು ಮಾಡಿತ್ತು ಅಂತ ಹೇಳಲು ಹೊರಟಳು. ತೀರ್ಪುಗಾರರೊಬ್ಬರು ಮಧ್ಯದಲ್ಲೇ, ‘ರಷ್ಯಾ ಯಾಕಮ್ಮ ಈಗ? ವಿಷಯಕ್ಕೆ ಬಾ’ ಅಂದರು. ಹುಡುಗಿ ಗಾಬರಿಯಾದಳು. ಮುಂದಿನದು ಮರೆತುಹೋಯಿತು. ಗಂಟೆ ಹೊಡೆದರು.

ಬಹುಮಾನ ಬಂದದ್ದು ‘ಎರಡು ಬಾಂಬ್ ಬಿತ್ತು, ಲಕ್ಷಾಂತರ ಜೀವ ಉಳಿಯಿತು’ ಅಂತ ಗಟ್ಟಿ ದನಿಯಲ್ಲಿ ಹೇಳಿದ ಹುಡುಗನಿಗೆ. ಅವನು ಚೆನ್ನಾಗಿಯೇ ಮಾತಾಡಿದ, ಅವನ ತಪ್ಪೇನಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಸೈಕಲ್ ಸ್ಟ್ಯಾಂಡಿನ ಹತ್ತಿರ ಆ ಹುಡುಗಿ ನನ್ನ ಬಳಿ ಬಂದಳು. ಕೈಯಲ್ಲಿ ಒಂದು ನೋಟ್‌ಬುಕ್. ಅಕ್ಕನದಂತೆ, ಅವಳು ಎರಡು ವರ್ಷದ ಹಿಂದೆ ಅದೇ ಶಾಲೆಯಲ್ಲಿ ಓದಿದವಳು. ‘ಸರ್, ನಾನು ಹೇಳಿದ್ದು ತಪ್ಪಾ?’ ಅಂತ ಕೇಳಿದಳು. ತಪ್ಪಲ್ಲ ಅಂದೆ. ‘ಹಾಗಾದ್ರೆ ನೋಟ್ಸಲ್ಲಿ ಯಾಕಿಲ್ಲ?’ ಅಂತ ಪುಟ ತೆರೆದು ತೋರಿಸಿದಳು. ನೀಲಿ ಶಾಯಿಯಲ್ಲಿ ಮುದ್ದಾದ ಅಕ್ಷರ: ‘1945 ಆಗಸ್ಟ್ 6ರಂದು ಹಿರೋಷಿಮಾ, 9ರಂದು ನಾಗಸಾಕಿ ನಗರಗಳ ಮೇಲೆ ಅಮೆರಿಕ ಅಣುಬಾಂಬ್ ಹಾಕಿತು. ಆದ್ದರಿಂದ ಜಪಾನ್ ಶರಣಾಯಿತು.’ ಕೆಳಗೆ ಕೆಂಪು ಗೆರೆ.

ಆ ವಾಕ್ಯ ನನಗೆ ಗೊತ್ತು. ನಾನೂ ಅದನ್ನೇ ಬರೆಸುತ್ತಿದ್ದೆ. ವರ್ಷಾ ವರ್ಷಾ, ಇಡೀ ತರಗತಿಗೆ, ನಿಧಾನವಾಗಿ ಹೇಳಿ ಬರೆಸುತ್ತಿದ್ದೆ. ಎರಡನೇ ಮಹಾಯುದ್ಧದ ಪಾಠಕ್ಕೆ ಬರುವ ಹೊತ್ತಿಗೆ ಪರೀಕ್ಷೆ ತಲೆಮೇಲೆ ಇರುತ್ತದೆ. ಒಂದು ಅಂಕದ ಪ್ರಶ್ನೆಗೆ ಒಂದು ವಾಕ್ಯ ಸಾಕು ಅನ್ನಿಸುತ್ತದೆ. ನಿಮಗೂ ಹಾಗೇ ಆಗಿರುತ್ತದೆ, ಅಲ್ವಾ? ಆ ವಾಕ್ಯದಲ್ಲಿರುವ ತಾರೀಖು ಸರಿ, ಊರಿನ ಹೆಸರು ಸರಿ. ನನ್ನ ತಕರಾರು ‘ಆದ್ದರಿಂದ’ ಎಂಬ ಆ ಒಂದು ಮಾತಿನ ಮೇಲೆ. ಇಡೀ ಜಗತ್ತಿನ ಇತಿಹಾಸಕಾರರು ದಶಕಗಳಿಂದ ಜಗಳವಾಡುತ್ತಿರುವ ಪ್ರಶ್ನೆಯೊಂದಕ್ಕೆ ನಾವು ನಾಲ್ಕೇ ಅಕ್ಷರದಲ್ಲಿ ತೀರ್ಪು ಕೊಟ್ಟು ಕೂತಿದ್ದೇವೆ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಂತ ನಾವೇ ಮಕ್ಕಳಿಗೆ ಗಾದೆ ಹೇಳಿಕೊಡುತ್ತೇವೆ. ಬಾಂಬ್ ಕಾಗೆಯಲ್ಲ, ಒಪ್ಪುತ್ತೇನೆ. ಅದು ದೊಡ್ಡ ಪೆಟ್ಟೇ. ಆದರೆ ಅದೇ ಕೊಂಬೆಗೆ ಅದೇ ವಾರದಲ್ಲಿ ಬೇರೆ ಪೆಟ್ಟುಗಳೂ ಬಿದ್ದವು. ಅದು ಮೊದಲೇ ಒಣಗಿಯೂ ಇತ್ತು. ಅದನ್ನೆಲ್ಲ ಮುಚ್ಚಿಟ್ಟು ಒಂದನ್ನೇ ಹೇಳಿದರೆ ಅದು ಪಾಠವಾಗುವುದಿಲ್ಲ.

ಮೊದಲು ಆ ವರ್ಷ ಜಪಾನ್ ಯಾವ ಸ್ಥಿತಿಯಲ್ಲಿತ್ತು ನೋಡಿ. 1945ರ ಮಾರ್ಚ್ 9ರ ರಾತ್ರಿ ಟೋಕಿಯೋ ಮೇಲೆ ಬೆಂಕಿಬಾಂಬ್ ಸುರಿದರು. ಒಂದೇ ರಾತ್ರಿಗೆ ಸುಮಾರು ಒಂದು ಲಕ್ಷ ಜನ ಸತ್ತರು. ಅಲ್ಲಿಂದ ಆಗಸ್ಟ್‌ವರೆಗೆ 60ಕ್ಕೂ ಹೆಚ್ಚು ನಗರಗಳು ಹೀಗೆ ಸುಟ್ಟವು. ಹಡಗು ಸಂಚಾರ ಕಟ್ಟಿಹೋಗಿ ಎಣ್ಣೆ ಇಲ್ಲ, ಅಕ್ಕಿ ಇಲ್ಲ. ಜಪಾನ್ ಸೋತಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಸೋಲುವುದು ಬೇರೆ, ಶರಣಾಗುವುದು ಬೇರೆ. ಚರ್ಚೆಯೆಲ್ಲ ಇರುವುದು ಈ ಎರಡರ ನಡುವಿನ ಜಾಗದಲ್ಲಿ.

ಶರಣಾಗುವ ತೀರ್ಮಾನ ಆರು ಜನರ ಕೈಯಲ್ಲಿತ್ತು. ಪ್ರಧಾನಿ ಸುಜುಕಿ, ವಿದೇಶಾಂಗ ಮಂತ್ರಿ ತೋಗೊ, ಸೇನಾ ಮಂತ್ರಿ ಅನಾಮಿ, ನೌಕಾಪಡೆಯ ಮಂತ್ರಿ ಯೊನಾಯ್, ಭೂಸೇನೆಯ ಮುಖ್ಯಸ್ಥ ಉಮೆಜು, ನೌಕಾಪಡೆಯ ಮುಖ್ಯಸ್ಥ ತೊಯೊದಾ. ಮೇಲೆ ಚಕ್ರವರ್ತಿ ಹಿರೊಹಿತೊ. ಜುಲೈ ತಿಂಗಳಲ್ಲಿ ತೋಗೊ ಮಾಸ್ಕೋದಲ್ಲಿದ್ದ ತನ್ನ ರಾಯಭಾರಿ ಸಾತೊಗೆ ಗುಪ್ತ ತಂತಿ ಕಳಿಸುತ್ತಿದ್ದ. ರಷ್ಯಾದವರನ್ನು ಮಧ್ಯಸ್ಥಿಕೆಗೆ ಕೇಳು, ಚಕ್ರವರ್ತಿಗೆ ಯುದ್ಧ ಮುಗಿಸುವ ಮನಸ್ಸಿದೆ, ‘ಷರತ್ತಿಲ್ಲದ ಶರಣಾಗತಿ’ ಎಂಬುದೊಂದೇ ಅಡ್ಡಿ ಅಂತ. ಜಪಾನಿನ ಗುಪ್ತಲಿಪಿ ಅಮೆರಿಕಕ್ಕೆ ಮೊದಲೇ ಗೊತ್ತಿತ್ತು. ಈ ತಂತಿಗಳನ್ನು ವಾಷಿಂಗ್ಟನ್ನಿನಲ್ಲಿ ಕೂತು ಓದುತ್ತಿದ್ದರು.

ಇದನ್ನೇ ಹಿಡಿದುಕೊಂಡು ‘ಜಪಾನ್ ಆಗಲೇ ಶರಣಾಗಲು ಸಿದ್ಧವಾಗಿತ್ತು, ಅಮೆರಿಕ ಬೇಕಂತಲೇ ಬಾಂಬ್ ಹಾಕಿತು’ ಅನ್ನುವವರಿದ್ದಾರೆ. ವಿರೋಧದ ಚೀಟಿ ಬಂದ ಮಕ್ಕಳಿಗೆ ನಾವು ಸಾಮಾನ್ಯವಾಗಿ ಕಲಿಸುವುದೂ ಇದನ್ನೇ. ಅದೂ ಸರಿಯಲ್ಲ. ಸಾತೊ ನೇರ ಮನುಷ್ಯ. ಸುಮ್ನೆ ಅಸ್ಪಷ್ಟವಾಗಿ ಮಾತಾಡಿ ಪ್ರಯೋಜನವಿಲ್ಲ, ಅರಮನೆ, ಅಂದರೆ ಚಕ್ರವರ್ತಿಯ ಮನೆತನ, ಉಳಿದರೆ ಸಾಕು ಎಂಬ ಒಂದೇ ಷರತ್ತಿನ ಮೇಲೆ ಶರಣಾಗೋಣ ಅಂತ ಅವನೇ ಮೇಲಿನವರಿಗೆ ಬರೆದ. ತೋಗೊ ಒಪ್ಪಲಿಲ್ಲ. ಆ ಉತ್ತರವನ್ನೂ ಅಮೆರಿಕದವರು ಓದಿದರು. ಅಂದರೆ ಆಗಸ್ಟ್ 6ಕ್ಕೆ ಮೊದಲು ಟೋಕಿಯೋದಲ್ಲಿ ಶರಣಾಗತಿಯ ತೀರ್ಮಾನ ಆಗಿರಲಿಲ್ಲ. ಜಪಾನಿನ ದಕ್ಷಿಣದ ಕ್ಯುಶು ದ್ವೀಪದಲ್ಲಿ ಅಮೆರಿಕನ್ನರು ಇಳಿದಾಗ ಅವರಿಗೆ ಎಷ್ಟು ಜಾಸ್ತಿ ಸಾವಾಗುತ್ತದೋ ಅಷ್ಟು ಒಳ್ಳೆಯ ಷರತ್ತು ಸಿಗುತ್ತದೆ ಅಂತ ಸೇನೆಯವರು ಲೆಕ್ಕ ಹಾಕಿಕೊಂಡು ಅಲ್ಲಿ ಪಡೆ ಜಮಾಯಿಸುತ್ತಿದ್ದರು. ಈ ಮಾತನ್ನೂ ಮಕ್ಕಳಿಗೆ ಹೇಳಬೇಕು.

ಈಗ ಅಮೆರಿಕದ ಕಡೆ ಬನ್ನಿ. ಜುಲೈ 16ರಂದು ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ಮೊದಲ ಪರೀಕ್ಷೆ ನಡೆಯಿತು. ಜುಲೈ 26ರಂದು ಪಾಟ್ಸ್‌ಡ್ಯಾಮ್ ಘೋಷಣೆ ಹೊರಟಿತು. ಶರಣಾಗಿ, ಇಲ್ಲವಾದರೆ ಸರ್ವನಾಶ ಅಂತ ಅಮೆರಿಕ, ಬ್ರಿಟನ್, ಚೀನಾ ಸೇರಿ ಕೊಟ್ಟ ಎಚ್ಚರಿಕೆ. ಜಪಾನ್ ಅದನ್ನು ತಳ್ಳಿಹಾಕಿತು, ಆಮೇಲೆ ಬಾಂಬ್ ಹಾಕುವ ತೀರ್ಮಾನವಾಯಿತು ಅಂತ ನಾವು ಕಥೆ ಕಟ್ಟುತ್ತೇವೆ. ಆದರೆ ಬಾಂಬ್ ಹಾಕಲು ಸೇನೆಗೆ ಲಿಖಿತ ಆದೇಶ ಹೋದದ್ದು ಜುಲೈ 25ರಂದು. ಎಚ್ಚರಿಕೆ ಕೊಡುವುದಕ್ಕೆ ಒಂದು ದಿನ ಮೊದಲೇ! ಆಗಸ್ಟ್ 3ರ ನಂತರ ಹವಾಮಾನ ನೋಡಿಕೊಂಡು ಹಿರೋಷಿಮಾ, ಕೊಕುರಾ, ನಿಗಾಟಾ, ನಾಗಸಾಕಿ ಇವುಗಳಲ್ಲಿ ಒಂದರ ಮೇಲೆ ಹಾಕಿ, ಮುಂದಿನ ಬಾಂಬುಗಳು ತಯಾರಾದ ಹಾಗೆಲ್ಲ ಹಾಕುತ್ತಾ ಹೋಗಿ ಅಂತ ಅದರಲ್ಲಿತ್ತು. ಉತ್ತರ ತೃಪ್ತಿಕರವಾಗಿದ್ದರೆ ಅಮೆರಿಕದ ಅಧ್ಯಕ್ಷ ಟ್ರೂಮನ್ ಅದನ್ನು ನಿಲ್ಲಿಸಬಹುದಿತ್ತು, ನಿಜ. ಆದರೂ ಗಾಡಿ ಹೊರಟಾಗಿತ್ತು.

ಆ ಘೋಷಣೆಯಲ್ಲಿ ಎರಡು ಜಾಗ ಖಾಲಿ ಇದ್ದವು. ನನಗೆ ಇಡೀ ಚರ್ಚೆಯಲ್ಲಿ ಅತಿ ಮುಖ್ಯ ಅನ್ನಿಸುವುದು ಇವೇ. ಒಂದು, ಚಕ್ರವರ್ತಿಯ ಮಾತು. ಈಗಿನ ರಾಜವಂಶದ ಕೆಳಗೇ ಸಾಂವಿಧಾನಿಕ ರಾಜಪ್ರಭುತ್ವ ಇರಬಹುದು ಎಂಬ ಸಾಲು ಯುದ್ಧ ಮಂತ್ರಿ ಸ್ಟಿಮ್ಸನ್ ತಯಾರಿಸಿದ ಕರಡಿನಲ್ಲಿತ್ತು. ಹೊರಡುವ ಹೊತ್ತಿಗೆ ಅದನ್ನು ತೆಗೆದರು. ಎರಡು, ರಷ್ಯಾದ ನಾಯಕ ಸ್ಟಾಲಿನ್ ಸಹಿ. ಘೋಷಣೆ ಹೊರಟ ಜರ್ಮನಿಯ ಪಾಟ್ಸ್‌ಡ್ಯಾಮ್ ಊರಿನಲ್ಲೇ, ಅಲ್ಲಿ ನಡೆಯುತ್ತಿದ್ದ ಸಮ್ಮೇಳನದಲ್ಲೇ ಸ್ಟಾಲಿನ್ ಕೂತಿದ್ದ. ಜರ್ಮನಿ ಸೋತ ಎರಡು ಮೂರು ತಿಂಗಳಲ್ಲಿ ಜಪಾನ್ ಮೇಲೆ ಯುದ್ಧಕ್ಕೆ ಇಳಿಯುತ್ತೇನೆ ಅಂತ ಫೆಬ್ರವರಿಯಲ್ಲೇ ಯಾಲ್ಟಾ ಸಮ್ಮೇಳನದಲ್ಲಿ ಮಾತು ಕೊಟ್ಟಿದ್ದ. ರಷ್ಯಾ ಇಳಿದರೆ ಜಪಾನಿನ ಕಥೆ ಮುಗಿಯಿತು ಅಂತ ಟ್ರೂಮನ್ ಜುಲೈ 17ರಂದು ತನ್ನ ಡೈರಿಯಲ್ಲಿ ಬರೆದುಕೊಂಡಿದ್ದ. ಆದರೂ ಸ್ಟಾಲಿನ್ ಸಹಿ ಹಾಕಿಸಲಿಲ್ಲ. ಸ್ಟಾಲಿನ್ ಹೆಸರಿಲ್ಲ ಅಂದಮೇಲೆ ರಷ್ಯಾ ಇನ್ನೂ ತಟಸ್ಥ, ಮಧ್ಯಸ್ಥಿಕೆ ಆಗಬಹುದು ಅಂತ ಟೋಕಿಯೋದವರು ಆಸೆ ಇಟ್ಟುಕೊಂಡು ಕಾದರು. ಆ ಹತ್ತು ದಿನ ಹೀಗೇ ಕಳೆದವು.

ಆಮೇಲೆ ಆಗಸ್ಟ್ 6, ಸೋಮವಾರ. ಬೆಳಗ್ಗೆ 8 ಗಂಟೆ 15 ನಿಮಿಷ.

ಅದರ ಬಗ್ಗೆ ನಾವು ಸಾವಿನ ಸಂಖ್ಯೆ ಹೇಳಿ ಮುಂದೆ ಹೋಗುತ್ತೇವೆ. ಆ ವರ್ಷದ ಕೊನೆಯ ಹೊತ್ತಿಗೆ ಸುಮಾರು 1,40,000. ಈ ಸಂಖ್ಯೆ ಮಕ್ಕಳ ಮನಸ್ಸಿಗೆ ಇಳಿಯುವುದಿಲ್ಲ. ನನಗೇ ಇಳಿದಿರಲಿಲ್ಲ. ಇಳಿದದ್ದು ಒಂದು ಊಟದ ಡಬ್ಬಿಯ ಫೋಟೋ ನೋಡಿದಾಗ. ಹಿರೋಷಿಮಾದ ವಸ್ತುಸಂಗ್ರಹಾಲಯದಲ್ಲಿ ಆ ಡಬ್ಬಿ ಇದೆ. ನಮ್ಮ ಮಕ್ಕಳು ಬ್ಯಾಗಿಗೆ ಹಾಕಿಕೊಂಡು ಬರುವಂಥದ್ದೇ, ಮೊಟ್ಟೆಯಾಕಾರದ್ದು. ಮುಚ್ಚಳ ಸೊಟ್ಟಗಾಗಿದೆ. ಒಳಗೆ ಅನ್ನ ಹಾಗೇ ಇದೆ, ಇದ್ದಿಲಾಗಿ. ಅವತ್ತು ಬೆಳಗ್ಗೆ ಹೈಸ್ಕೂಲು ವಯಸ್ಸಿನ ಸಾವಿರಾರು ಮಕ್ಕಳನ್ನು ಬೀದಿಗೆ ಕರೆತಂದಿದ್ದರು. ಬೆಂಕಿಬಾಂಬ್ ಬಿದ್ದರೆ ಬೆಂಕಿ ಹರಡದ ಹಾಗೆ ಮನೆಗಳನ್ನು ಕೆಡವಿ ಸಾಲಾಗಿ ಬಯಲು ಮಾಡುವ ಕೆಲಸ. ಹನ್ನೆರಡು, ಹದಿಮೂರು ವರ್ಷದವರು. ನೆತ್ತಿಯ ಮೇಲೆ ಸೂರಿಲ್ಲದೆ ಬಯಲಲ್ಲಿ ನಿಂತಿದ್ದ ಆ ಮಕ್ಕಳಲ್ಲಿ ಸುಮಾರು 6,000 ಜನ ಸತ್ತರು. ಆ ಡಬ್ಬಿ ಅವರಲ್ಲಿ ಒಬ್ಬ ಹುಡುಗನದು. ತಾಯಿ ಕಟ್ಟಿಕೊಟ್ಟದ್ದು, ಬಾಯಿಗೆ ಹೋಗಲಿಲ್ಲ. ಹಿರೋಷಿಮಾ ಒಂದು ಮುಖ್ಯವಾದ ಸೇನಾ ನೆಲೆ ಅಂತ ಟ್ರೂಮನ್ ಜಗತ್ತಿಗೆ ಹೇಳಿದ. ಸೇನೆಯ ಕಚೇರಿ ಅಲ್ಲಿತ್ತು, ಸುಳ್ಳಲ್ಲ. ಆದರೆ ಬಾಂಬಿಗೆ ಗುರಿ ಇಟ್ಟದ್ದು ಊರ ನಡುವಿನ ಒಂದು ಸೇತುವೆಗೆ. ಅದು ಸಿಡಿದದ್ದು ಒಂದು ಆಸ್ಪತ್ರೆಯ ಮೇಲೆ.

ಇನ್ನು ನಮ್ಮ ‘ಆದ್ದರಿಂದ’ಕ್ಕೆ ಬರೋಣ. ಸೋಮವಾರ ಬಾಂಬ್ ಬಿತ್ತು. ಆರು ಜನರ ಆ ಸಭೆ ಸೋಮವಾರ ಸೇರಲಿಲ್ಲ, ಮಂಗಳವಾರ ಸೇರಲಿಲ್ಲ, ಬುಧವಾರವೂ ಸೇರಲಿಲ್ಲ. ಬುಧವಾರ ತೋಗೊ ಅರಮನೆಗೆ ಹೋಗಿ ಚಕ್ರವರ್ತಿಯನ್ನು ಕಂಡ. ಇಂಥ ಆಯುಧ ಬಂದಮೇಲೆ ಯುದ್ಧವನ್ನು ಬೇಗ ಮುಗಿಸಬೇಕು ಅಂತ ಚಕ್ರವರ್ತಿ ಹೇಳಿದ. ಆಗ ಪ್ರಧಾನಿ ಸಭೆ ಕರೆಯಲು ಹೊರಟ. ಅದೇ ಸಂಜೆ ಮಾಸ್ಕೋದಲ್ಲಿ ಸಾತೊನನ್ನು ಕರೆಸಿ, ನಾಳೆಯಿಂದ ನಮಗೂ ನಿಮಗೂ ಯುದ್ಧ ಅಂತ ಓದಿ ಹೇಳಿದರು. ಮಧ್ಯರಾತ್ರಿ ಕಳೆಯುತ್ತಲೇ 15 ಲಕ್ಷಕ್ಕೂ ಹೆಚ್ಚು ರಷ್ಯನ್ ಸೈನಿಕರು ಜಪಾನಿನ ಕೈಯಲ್ಲಿದ್ದ ಮಂಚೂರಿಯಾದ ಗಡಿ ದಾಟಿದರು. ಗುರುವಾರ ಬೆಳಗಿನ ಜಾವ ಟೋಕಿಯೋಗೆ ಸುದ್ದಿ ಮುಟ್ಟಿತು. ಹತ್ತೂವರೆಗೆ ಆರು ಜನರ ಸಭೆ ಸೇರಿತು.

ನಾಗಸಾಕಿ ಮೇಲೆ ಬಾಂಬ್ ಬಿದ್ದದ್ದು 11 ಗಂಟೆ 2 ನಿಮಿಷಕ್ಕೆ. ಆ ಹುಡುಗಿ ಹೇಳಿದ್ದು ನೂರಕ್ಕೆ ನೂರು ನಿಜ. ಸಭೆ ಆಗಲೇ ನಡೆಯುತ್ತಿತ್ತು. ಸುದ್ದಿ ಬಂದದ್ದು ಸಭೆಯ ನಡುವೆ. ಬಂದಮೇಲೂ ಯಾರೂ ಪಕ್ಷ ಬದಲಿಸಲಿಲ್ಲ. ಸುಜುಕಿ, ತೋಗೊ, ಯೊನಾಯ್ ಒಂದು ಕಡೆ. ಚಕ್ರವರ್ತಿ ಉಳಿದರೆ ಸಾಕು ಅಂದರು. ಅನಾಮಿ, ಉಮೆಜು, ತೊಯೊದಾ ಇನ್ನೊಂದು ಕಡೆ. ಅವರಿಗೆ ಇನ್ನೂ ಮೂರು ಷರತ್ತು ಬೇಕು: ಆಯುಧ ನಾವೇ ಇಳಿಸುತ್ತೇವೆ, ನಮ್ಮ ಅಪರಾಧಿಗಳನ್ನು ನಾವೇ ವಿಚಾರಿಸುತ್ತೇವೆ, ನಮ್ಮ ನೆಲಕ್ಕೆ ನಿಮ್ಮ ಸೈನ್ಯ ಬರಬಾರದು. ಮೂರು ಜನ ಆ ಕಡೆ, ಮೂರು ಜನ ಈ ಕಡೆ. ಅಮೆರಿಕದ ಹತ್ತಿರ ಇಂಥ 100 ಬಾಂಬ್ ಇರಬಹುದು ಅಂತ ಅವತ್ತೇ ಅನಾಮಿಯೇ ಹೇಳಿದ. ಸೆರೆಸಿಕ್ಕ ಒಬ್ಬ ಅಮೆರಿಕನ್ ವಿಮಾನ ಚಾಲಕ ಹಿಂಸೆ ತಾಳಲಾರದೆ ಬಾಯಿಗೆ ಬಂದದ್ದು ಹೇಳಿದ್ದ, ಅದು ಮೇಲಿನವರೆಗೂ ಹೋಗಿತ್ತು. ನೂರು ಬಾಂಬಿದೆ ಅಂತ ನಂಬಿಯೂ ಅನಾಮಿ ಷರತ್ತು ಬಿಡಲಿಲ್ಲ. ಬಾಂಬಿಗೆ ಹೆದರಿ ಸೇನೆ ಕೈಚೆಲ್ಲಿತು ಅನ್ನುವವರು ಈ ಮನುಷ್ಯನನ್ನು ಎಲ್ಲಿ ಇಡುತ್ತಾರೆ?

ಆ ರಾತ್ರಿ ಅರಮನೆಯ ನೆಲಮಾಳಿಗೆಯಲ್ಲಿ, ಚಕ್ರವರ್ತಿಯ ಎದುರು ಮತ್ತೆ ಸಭೆ. ರಾತ್ರಿ ಎರಡರ ಸುಮಾರಿಗೆ ಸುಜುಕಿ ಎದ್ದು ನಿಂತು, ನಮ್ಮಲ್ಲಿ ಒಮ್ಮತವಿಲ್ಲ, ತಾವೇ ಹೇಳಬೇಕು ಅಂದ. ಹಿರೊಹಿತೊ ತೋಗೊ ಪಕ್ಷ ಹಿಡಿದ. ಅರಮನೆ ಉಳಿಯಬೇಕು ಎಂಬ ಒಂದು ಷರತ್ತಿನೊಂದಿಗೆ ಒಪ್ಪಿಗೆ ಹೋಯಿತು. ಅಮೆರಿಕ ಕೊಟ್ಟ ಉತ್ತರದಲ್ಲಿ ಚಕ್ರವರ್ತಿ ನಮ್ಮ ಸೇನಾಧಿಪತಿಯ ಅಧೀನದಲ್ಲಿರುತ್ತಾನೆ ಅಂತಿತ್ತು. ಅಧೀನದಲ್ಲಿರುತ್ತಾನೆ ಅಂದರೆ ಇರುತ್ತಾನೆ ಅಂತಲೂ ಆಯಿತಲ್ಲ. ಅದರ ಮೇಲೆ ಮತ್ತೆ ಎರಡು ಮೂರು ದಿನ ಎಳೆದಾಟ. 14ರಂದು ಚಕ್ರವರ್ತಿ ಎರಡನೇ ಸಲ ಹೇಳಬೇಕಾಯಿತು. ಅವತ್ತು ರಾತ್ರಿ ಕೆಲವು ಕಿರಿಯ ಅಧಿಕಾರಿಗಳು ದಂಗೆ ಎದ್ದು, ಒಬ್ಬ ಜನರಲ್‌ನನ್ನು ಕೊಂದು, ಶರಣಾಗತಿ ಸಾರುವ ಚಕ್ರವರ್ತಿಯ ಭಾಷಣ ಮುದ್ರಿಸಿದ ತಟ್ಟೆಗಾಗಿ ಅರಮನೆಯೆಲ್ಲ ಹುಡುಕಿದರು. ಸಿಗಲಿಲ್ಲ. ಮರುದಿನ ಬೆಳಗ್ಗೆ ಅನಾಮಿ ಹೊಟ್ಟೆ ಸೀಳಿಕೊಂಡು ಸತ್ತ. ಮಧ್ಯಾಹ್ನ 12ಕ್ಕೆ ರೇಡಿಯೋದಲ್ಲಿ ಚಕ್ರವರ್ತಿಯ ದನಿ ಬಂತು.

ಹಾಗಾದರೆ ಬಾಂಬ್ ಕಾರಣವೋ ರಷ್ಯಾ ಕಾರಣವೋ? ಇಲ್ಲಿ ಸ್ವಲ್ಪ ನಿಲ್ಲಿ. 15ರ ಭಾಷಣದಲ್ಲಿ ಹಿರೊಹಿತೊ ‘ಹೊಸ, ಅತಿ ಕ್ರೂರ ಬಾಂಬ್’ ಅಂತ ಹೇಳುತ್ತಾನೆ, ರಷ್ಯಾದ ಹೆಸರೆತ್ತುವುದಿಲ್ಲ. ಎರಡೇ ದಿನ ಬಿಟ್ಟು 17ರಂದು ತನ್ನ ಸೈನಿಕರಿಗೆ ಕೊಟ್ಟ ಆದೇಶದಲ್ಲಿ ರಷ್ಯಾ ಯುದ್ಧಕ್ಕೆ ಇಳಿಯಿತು ಅನ್ನುತ್ತಾನೆ, ಬಾಂಬಿನ ಮಾತಿಲ್ಲ. ಒಬ್ಬನೇ ಮನುಷ್ಯ, ಒಂದೇ ವಾರ, ಎರಡು ಕಾರಣ! ಜನರಿಗೆ ಒಂದು, ಸೈನಿಕರಿಗೆ ಇನ್ನೊಂದು. ನೌಕಾ ಮಂತ್ರಿ ಯೊನಾಯ್ ಅಂತೂ ಬಾಂಬನ್ನೂ ರಷ್ಯಾದ ದಾಳಿಯನ್ನೂ ಒಂದು ರೀತಿಯಲ್ಲಿ ದೇವರು ಕೊಟ್ಟ ವರ ಅಂದ. ನಮ್ಮ ದೇಶದ ಒಳಗಿನ ಪರಿಸ್ಥಿತಿಯಿಂದ ಯುದ್ಧ ನಿಲ್ಲಿಸುತ್ತಿದ್ದೇವೆ ಅಂತ ಒಪ್ಪಿಕೊಳ್ಳುವ ಅವಮಾನ ಇದರಿಂದ ತಪ್ಪಿತು ಅಂತ ಅವನ ಭಾವನೆ. ಜಪಾನಿನಲ್ಲೇ ಹುಟ್ಟಿದ ಇಬ್ಬರು ಇತಿಹಾಸಕಾರರು ಇದೇ ದಾಖಲೆಗಳನ್ನು ಮುಂದಿಟ್ಟುಕೊಂಡು ಬೇರೆ ಬೇರೆ ಕಡೆ ತಲುಪಿದ್ದಾರೆ. ತ್ಸುಯೋಶಿ ಹಸೆಗಾವಾ ರಷ್ಯಾದ ಪೆಟ್ಟೇ ದೊಡ್ಡದು ಅನ್ನುತ್ತಾರೆ, ಸದಾವೊ ಅಸಾದಾ ಬಾಂಬೇ ದೊಡ್ಡದು ಅನ್ನುತ್ತಾರೆ. ಇಡೀ ಜೀವನ ಇದನ್ನೇ ಓದಿದವರು ಹೀಗಿರುವಾಗ ‘ರಷ್ಯಾ ಯಾಕಮ್ಮ ಈಗ’ ಅಂತ ಒಂದು ಮಗುವಿನ ಬಾಯಿ ಮುಚ್ಚಿಸಲು ನಾವು ಯಾರು?

ಇನ್ನು ಆ ‘ಲಕ್ಷಾಂತರ ಜೀವ ಉಳಿಯಿತು’ ಎಂಬ ಮಾತು. ನವೆಂಬರ್ 1ಕ್ಕೆ ಕ್ಯುಶು ದ್ವೀಪಕ್ಕೆ, ಮರುವರ್ಷದ ಮಾರ್ಚಿಗೆ ಟೋಕಿಯೋ ಸುತ್ತಿನ ಬಯಲಿಗೆ ಅಮೆರಿಕನ್ ಸೈನ್ಯ ಇಳಿಯಬೇಕಿತ್ತು. ಒಕಿನಾವಾ ದ್ವೀಪದ ಕಾಳಗ ಒಂದರಲ್ಲೇ 12,000ಕ್ಕೂ ಹೆಚ್ಚು ಅಮೆರಿಕನ್ನರು ಸತ್ತಿದ್ದರು, ಜಪಾನೀಯರು ಅದರ ಹತ್ತಾರು ಪಟ್ಟು. ಭಯ ಸುಳ್ಳಲ್ಲ. ಆದರೆ ಜೂನ್ 18ರಂದು ಟ್ರೂಮನ್ ಮುಂದೆ ಯೋಜನೆ ಇಟ್ಟಾಗ, ಮೊದಲ 30 ದಿನದಲ್ಲಿ ಸತ್ತವರು ಗಾಯಗೊಂಡವರು ಸೇರಿ 31,000 ಮೀರಲಾರದು ಎಂಬ ಅಂದಾಜು ಕೊಟ್ಟಿದ್ದರು. ಸತ್ತವರು ಗಾಯಗೊಂಡವರು ಸೇರಿ ಹತ್ತು ಲಕ್ಷ ಎಂಬ ಸಂಖ್ಯೆಯನ್ನು ಸ್ಟಿಮ್ಸನ್ ಜನರ ಮುಂದಿಟ್ಟದ್ದು 1947ರಲ್ಲಿ, ಎಲ್ಲ ಮುಗಿದಮೇಲೆ. ಕ್ಯುಶುದಲ್ಲಿ ಜಪಾನಿನ ಪಡೆ ಬೆಳೆದದ್ದು ನೋಡಿದರೆ ಜೂನಿನ ಅಂದಾಜು ತೀರಾ ಕಡಿಮೆಯಾಗಿರಬಹುದು. ಇರಲಿ. ಆದರೆ ಎಣಿಸಿದ ಸಾವನ್ನೂ ಊಹಿಸಿದ ಸಾವನ್ನೂ ಒಂದೇ ತಕ್ಕಡಿಗೆ ಹಾಕಿ ಮಕ್ಕಳ ಕೈಗೆ ಕೊಡಬಾರದು.

ಆ ಕಡೆಯ ಇನ್ನೊಂದು ವಾದವನ್ನು ಮಾತ್ರ ನಾನು ಹಗುರವಾಗಿ ತಗೊಳ್ಳಲಾರೆ. ಯುದ್ಧ ಒಂದೊಂದು ವಾರ ಮುಂದೆ ಹೋದಾಗಲೂ ಸಾಯುತ್ತಿದ್ದವರು ಸೈನಿಕರಷ್ಟೇ ಅಲ್ಲ. ಚೀನಾದಲ್ಲಿ, ಬರಗಾಲ ಬಿದ್ದಿದ್ದ ವಿಯೆಟ್ನಾಮಿನಲ್ಲಿ, ಸೆರೆಶಿಬಿರಗಳಲ್ಲಿ ಜನ ಸಾಯುತ್ತಿದ್ದರು. ಜಪಾನ್ ಕಟ್ಟಿಸಿದ ಬರ್ಮಾ ರೈಲುದಾರಿಗೆ ಮಲಯಾದ ತೋಟಗಳಿಂದ ಎಳೆದೊಯ್ದ ಸಾವಿರಾರು ತಮಿಳು ಕೂಲಿಗಳು ಅಲ್ಲೇ ಮಣ್ಣಾದರು. 1942ರಿಂದ ಜಪಾನಿನ ಕೈಯಲ್ಲಿದ್ದ ಅಂಡಮಾನಿನಲ್ಲಿ ನಮ್ಮವರನ್ನೇ ಗೂಢಚಾರರೆಂದು ಸಾಲಾಗಿ ನಿಲ್ಲಿಸಿ ಗುಂಡಿಟ್ಟರು. ಜಪಾನ್ ಬರೀ ಬಲಿಪಶು ಅಂತ ಪಾಠ ಮಾಡಿದರೆ ಇವರಿಗೆಲ್ಲ ಮೋಸ ಮಾಡಿದ ಹಾಗೆ.

ನನ್ನ ಅಭಿಪ್ರಾಯ ಏನು ಅಂತ ನೀವು ಕೇಳಬಹುದು. ಮುಚ್ಚಿಡುವುದಿಲ್ಲ. ಬಾಂಬ್ ಶರಣಾಗತಿಯನ್ನು ಬೇಗ ತಂದಿತು, ಆದರೆ ಅದು ಕೊನೆಯ ದಾರಿಯಾಗಿರಲಿಲ್ಲ ಅಂತ ನಾನು ನಂಬುತ್ತೇನೆ. ಚಕ್ರವರ್ತಿಯನ್ನು ಉಳಿಸುತ್ತೇವೆ ಅಂತ ಜುಲೈನಲ್ಲೇ ಹೇಳಿ, ಸ್ಟಾಲಿನ್ ಸಹಿ ಹಾಕಿಸಿ, ಕೆಲವು ವಾರ ಕಾದು ನೋಡಬಹುದಿತ್ತು. ಇಳಿಯುವುದು ನವೆಂಬರಿಗೆ, ಅಲ್ಲಿಯವರೆಗೆ ಸಮಯವಿತ್ತು. ಬಾಂಬ್ ಇಲ್ಲದೆ, ರಷ್ಯಾ ಬಾರದೆ, ಸೈನ್ಯ ಇಳಿಯದೆಯೂ 1945 ಮುಗಿಯುವುದರೊಳಗೆ ಜಪಾನ್ ಶರಣಾಗುತ್ತಿತ್ತು ಅಂತ ಅಮೆರಿಕದ ಸರ್ಕಾರವೇ ಮಾಡಿಸಿದ ಬಾಂಬ್ ದಾಳಿಯ ಸಮೀಕ್ಷೆ 1946ರಲ್ಲಿ ಬರೆಯಿತು. ಟ್ರೂಮನ್ನನ ಪಕ್ಕದಲ್ಲೇ ಇದ್ದ ಅಡ್ಮಿರಲ್ ಲೇಹಿ ಮುಂದೆ ಇದನ್ನು ಅನಾಗರಿಕ ಆಯುಧ ಅಂದ. ಆ ಸಮೀಕ್ಷೆ ಹೇಳಿದ್ದೆಲ್ಲ ವೇದವಾಕ್ಯವಲ್ಲ. ಆದರೂ ಕೊನೆಗೆ ಹಿರೊಹಿತೊ ಸಿಂಹಾಸನದ ಮೇಲೆ ಉಳಿದ, 1989ರಲ್ಲಿ ಸಾಯುವವರೆಗೂ ಚಕ್ರವರ್ತಿಯಾಗೇ ಇದ್ದ. ಆಗಸ್ಟಿನಲ್ಲಿ ಕೊಟ್ಟದ್ದನ್ನು ಜುಲೈನಲ್ಲಿ ಕೊಡಲು ಆಗುತ್ತಿರಲಿಲ್ಲವೇ? ಈ ಪ್ರಶ್ನೆ ನನ್ನನ್ನು ಬಿಡುವುದಿಲ್ಲ.

ನಾಗಸಾಕಿಯ ಬಗ್ಗೆ ನನಗೆ ಅಷ್ಟೂ ಅನುಮಾನವಿಲ್ಲ. ಮೊದಲ ಪೆಟ್ಟು ಏನೆಂದು ಟೋಕಿಯೋ ಅರ್ಥಮಾಡಿಕೊಳ್ಳಲು ಮೂರೇ ದಿನ ಕೊಟ್ಟರು. ಎರಡನೆಯದಕ್ಕೆ ಬೇರೆ ಆದೇಶವೇ ಹೊರಡಲಿಲ್ಲ, ಜುಲೈ 25ರ ಕಾಗದವೇ ಸಾಕಾಯಿತು. ಗುರಿ ಇದ್ದದ್ದು ಕೊಕುರಾ. ಅಲ್ಲಿ ಮೋಡ, ಹೊಗೆ ಮುಚ್ಚಿ ನೆಲ ಕಾಣಲಿಲ್ಲ. ವಿಮಾನ ನಾಗಸಾಕಿಗೆ ತಿರುಗಿತು. ಆ ವರ್ಷದೊಳಗೆ ಸುಮಾರು 70,000 ಜನ ಸತ್ತರು. ಮರುದಿನ ಟ್ರೂಮನ್, ಇನ್ನು ನನ್ನ ಅಪ್ಪಣೆ ಇಲ್ಲದೆ ಹಾಕಬೇಡಿ ಅಂದ. ಇನ್ನೂ ಒಂದು ಲಕ್ಷ ಜನರನ್ನು, ಆ ಮಕ್ಕಳನ್ನೆಲ್ಲ ಕೊಲ್ಲುವ ಯೋಚನೆಯೇ ಘೋರ ಅಂತ ತನ್ನ ಸಂಪುಟಕ್ಕೆ ಹೇಳಿದ್ದನ್ನು ಅವನ ಮಂತ್ರಿಯೊಬ್ಬ ಡೈರಿಯಲ್ಲಿ ಬರೆದಿಟ್ಟಿದ್ದಾನೆ. ಆ ಮಾತು ಎರಡು ದಿನ ಮೊದಲು ಬಂದಿದ್ದರೆ!

ನನ್ನ ಈ ಅಭಿಪ್ರಾಯವನ್ನು ಪಾಠ ಮಾಡಿ ಅಂತ ನಾನು ಕೇಳುತ್ತಿಲ್ಲ. ಅದನ್ನು ಒಪ್ಪದವರಿಗೂ ಒಳ್ಳೆಯ ಕಾರಣಗಳಿವೆ. ನಾನು ಕೇಳುವುದು ಕಡಿಮೆ.

ನೋಟ್ಸಿನಲ್ಲಿ ಆ ‘ಆದ್ದರಿಂದ’ ಬರೆಸಬೇಡಿ. ‘ಆಗಸ್ಟ್ 6ರಂದು ಹಿರೋಷಿಮಾ, 9ರಂದು ನಾಗಸಾಕಿ ಮೇಲೆ ಬಾಂಬ್ ಬಿತ್ತು. ಅದೇ 9ರಂದು ರಷ್ಯಾ ಮಂಚೂರಿಯಾಕ್ಕೆ ನುಗ್ಗಿತು. 15ರಂದು ಜಪಾನ್ ಶರಣಾಗತಿ ಸಾರಿತು’ ಅಂತ ಬರೆಸಿ. ಜಾಸ್ತಿಯಾಗುವುದು ಒಂದೇ ಸಾಲು. ಕಾರಣ ಏನಿರಬಹುದು ಅಂತ ಮಕ್ಕಳನ್ನೇ ಕೇಳಿ, ಅವರು ಹೇಳುವುದನ್ನು ಕೇಳಿಸಿಕೊಳ್ಳಿ. ಪ್ರಶ್ನೆಪತ್ರಿಕೆ ತೆಗೆಯುವವರು ‘ಜಪಾನ್ ಶರಣಾಗಲು ಕಾರಣವೇನು?’ ಅಂತ ಒಂದು ಅಂಕಕ್ಕೆ ದಯವಿಟ್ಟು ಕೇಳಬೇಡಿ. ಕೇಳುವುದಾದರೆ ನಾಲ್ಕು ಅಂಕಕ್ಕೆ ಕೇಳಿ. ಬಾಂಬ್ ಅಂತ ಬರೆದವರಿಗೂ ರಷ್ಯಾ ಅಂತ ಬರೆದವರಿಗೂ, ಕಾರಣ ಕೊಟ್ಟು ಬರೆದಿದ್ದರೆ ಅಂಕ ಕೊಡಿ.

ಚರ್ಚಾಸ್ಪರ್ಧೆಯ ತೀರ್ಪುಗಾರರಲ್ಲಿ ಇನ್ನೂ ಒಂದು ವಿನಂತಿ. ಈ ವಿಷಯಕ್ಕೆ ಪರ, ವಿರೋಧ ಎಂಬ ಎರಡೇ ಚೀಟಿ ಸಾಲದು. ‘ಹಿರೋಷಿಮಾ ಬೇರೆ, ನಾಗಸಾಕಿ ಬೇರೆ’ ಅನ್ನುವ ಮಗುವಿಗೆ ಯಾವ ಚೀಟಿ ಕೊಡುತ್ತೀರಿ? ‘ಅನಿವಾರ್ಯ ಅಂದರೆ ಯಾವುದಕ್ಕೆ? ಶರಣಾಗತಿಗೋ, ಷರತ್ತಿಲ್ಲದ ಶರಣಾಗತಿಗೋ?’ ಅಂತ ಕೇಳುವ ಮಗುವಿಗೆ? ಅಂಥವರಿಗೆ ಮಾತಾಡಲು ಬಿಡಿ. ದನಿ ಗಟ್ಟಿ ಇದೆಯೋ ಇಲ್ಲವೋ ಆಮೇಲೆ ನೋಡೋಣ. ಮಾತಿನ ಮಧ್ಯದಲ್ಲಿ ತಡೆಯಬೇಡಿ.

ಆ ಹುಡುಗಿಗೆ ಬಹುಮಾನ ಕೊಡಿಸಿ ಅಂತ ನಾನು ಬರೆಯುತ್ತಿಲ್ಲ. ಅವಳೂ ಕೇಳಲಿಲ್ಲ. ಮರುವಾರ ಅವಳು ನಮ್ಮ ಮನೆಗೆ ಬಂದಿದ್ದಳು, ಅಕ್ಕನನ್ನೂ ಕರೆದುಕೊಂಡು. ಮೂವರೂ ಸೇರಿ ಒಂದು ಡ್ರಾಯಿಂಗ್ ಶೀಟಿನ ಮೇಲೆ ಜುಲೈ 16ರಿಂದ ಆಗಸ್ಟ್ 15ರವರೆಗೆ 31 ಚೌಕ ಹಾಕಿದೆವು. ಪ್ರತಿ ಚೌಕದಲ್ಲಿ ಟೋಕಿಯೋದಲ್ಲಿ ಏನಾಯಿತು, ವಾಷಿಂಗ್ಟನ್ನಿನಲ್ಲಿ ಏನಾಯಿತು, ಮಾಸ್ಕೋದಲ್ಲಿ ಏನಾಯಿತು ಅಂತ ಮೂರು ಬಣ್ಣದಲ್ಲಿ ಬರೆದಿದ್ದೇವೆ. ಅಕ್ಕ ತನ್ನ ನೋಟ್‌ಬುಕ್ಕಿನ ಆ ಸಾಲಿನಲ್ಲಿ ‘ಆದ್ದರಿಂದ’ದ ಮೇಲೆ ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿಕೊಂಡಳು.

ಆ ಚಾರ್ಟು ನನ್ನ ಹತ್ತಿರ ಇದೆ. ಯಾವ ಶಾಲೆಯವರು ಕರೆದರೂ ತಗೊಂಡು ಬರುತ್ತೇನೆ. ಬಸ್ ಚಾರ್ಜು ಬೇಡ, ಹಾರ ತುರಾಯಿ ಬೇಡ. ಒಂದು ಪೀರಿಯಡ್ ಕೊಟ್ಟರೆ ಸಾಕು.

ಇತಿ ನಿಮ್ಮ,
ಒಬ್ಬ ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕ